ಆರು ಬಾಟ್ಲಿ

ಪ್ರವಾಸಿಗರನ್ನು ಹಕ್ಕಿಗಳ ನಡುಗಡ್ಡೆಗೆ ದಾಟಿಸಿದ್ದ ದ್ಯಾವಮ್ಮ, ವಾಪಸು ಹೊರಡುವಾಗ ತೆಪ್ಪಕ್ಕೆ ಅಡ್ಡ ನಿಂತಳು.

“ಬರುವಾಗ ಆರು ಬಾಟ್ಲಿ ತಂದ್ರಿ. ಎಲ್ಲಿ?”

“ಅಲ್ಲೇ ಪೊದೆ ಹತ್ರ ಬಿಸಾಕಿದ್ವಿ,” ಎಂದ ಕಪ್ಪು ಕನ್ನಡಕದವನು. “ಗುಡಿಸೋಕೆ ಯಾರಾದ್ರೂ ಬರ್ತಾರಲ್ಲ?”

“ಹಕ್ಕಿ ಮೊಟ್ಟೆ ಇಕ್ಕೋ ಜಾಗ ಸ್ವಾಮಿ ಅದು. ಹೋಗಿ ತಕ್ಕೊಂಬನ್ನಿ, ಆಮೇಲೆ ಹತ್ತಿ.”

“ನೀನೊಬ್ಳೇನಾ ತೆಪ್ಪದವಳು? ಆ ದಡದಲ್ಲಿ ಇನ್ನೂ ಹತ್ತು ತೆಪ್ಪ ಇವೆ. ಒಂದು ಕೂಗು ಹಾಕಿದ್ರೆ ಓಡೋಡಿ ಬರ್ತಾರೆ.”

“ಹಾಕಿ ಮತ್ತೆ.”

ಅವನು ಗಂಟಲು ಹರಿಯುವಂತೆ ಕೂಗಿದ. ದ್ಯಾವಮ್ಮ ಹುಟ್ಟನ್ನು ತಲೆಯ ಮೇಲೆ ಅಡ್ಡಡ್ಡ ಎತ್ತಿ ಹಿಡಿದಳು.

ಆಚೆ ದಡದಲ್ಲಿ ಅಂಬಿಗರು ಎದ್ದರು. ಹತ್ತೂ ತೆಪ್ಪಗಳನ್ನು ಮೇಲಕ್ಕೆಳೆದು ಬೋರಲು ಹಾಕಿ, ಬೀಡಿ ಹಚ್ಚಿಕೊಂಡು ಕೂತರು.