ಕಾವಿಗೆ ಹಿಡಿದ ಬಳೆ

ಬಳೆ ಒಡೆಯುವ ಕಾಲ ಹೋಗಿ, ಮಿಂಚು ತಾಗಿಸುವ ಕಾಲ ಬಂದಿತ್ತು. ಗಂಡನನ್ನು ಕಳೆದುಕೊಂಡ ನೀಲವ್ವನ ಮುಂಗೈಗೆ ಬಳೆಗಾರ ಲೇಸರ್ ಕಡ್ಡಿ ಹಿಡಿದ. ಕಣ್ಣುರೆಪ್ಪೆ ಬಡಿಯುವ ಮೊದಲೇ ಹಸಿರು ಬಳೆಗಳೆಲ್ಲ ನೀರಿನಂತೆ ಬಣ್ಣಗೆಟ್ಟವು. ನೆಂಟರು ಸಮಾಧಾನದಿಂದ ಊಟಕ್ಕೆ ಕೂತರು.

ನೀಲವ್ವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಹಿತ್ತಲಿಗೆ ಹೋದಳು, ಪಡಸಾಲೆಗೆ ಬಂದಳು, ಬಳೆಗಳನ್ನು ತಿರುವಿ ತಿರುವಿ ನೋಡಿದಳು. ಕೊನೆಗೆ ಅಡುಗೆಮನೆಗೆ ನುಗ್ಗಿದಳು.

ಒಲೆಯ ಮುಂದೆ ಅತ್ತೆ ಗಂಗವ್ವ ಇದ್ದಳು. ಮಾವ ಸತ್ತಂದಿನಿಂದ ಕಡುಬೇಸಿಗೆಯಲ್ಲೂ ಶಾಲು ಹೊದ್ದು, ಥಂಡಿ ಥಂಡಿ ಎನ್ನುತ್ತ ಒಲೆ ಬಿಡದ ಮುದುಕಿ.

“ಇಲ್ಲಿ ಕುಂದ್ರು. ಕೈ ಉರಿಗೆ ಹಿಡೀಬ್ಯಾಡ, ಕಾವಿಗೆ ಹಿಡಿ. ಅವಸರದಾಗ ಹೋದ ಬಣ್ಣ ಅವಸರದಾಗ ಬರಂಗಿಲ್ಲ.”

ನೀಲವ್ವ ಚಡಪಡಿಸುತ್ತಲೇ ಕೈ ಚಾಚಿದಳು. ಬಹಳ ಹೊತ್ತಿನ ಮೇಲೆ ಒಂದು ಬಳೆಯ ಅಂಚಿನಲ್ಲಿ ಹಸಿರು ಮೊಳೆಯಿತು.

“ಮಂದಿ ಕಂಡ್ರ, ಅತ್ತಿ?”

ಗಂಗವ್ವ ತನ್ನ ಶಾಲು ತೆಗೆದು ಸೊಸೆಗೆ ಹೊದಿಸಿದಳು. ಮುದುಕಿಯ ಎರಡೂ ಮುಂಗೈ ತುಂಬ ಹಸಿರು ಬಳೆಗಳಿದ್ದವು. ಅನ್ನದ ಬೋಗುಣಿ ಎತ್ತಿಕೊಂಡು, ಆ ಕೈಗಳಲ್ಲೇ ನೆಂಟರಿಗೆ ಬಡಿಸಲು ಅವಳು ಪಡಸಾಲೆಗೆ ನಡೆದಳು.