ಕೊಟ್ಟಿಗೆಯ ಅಳತೆ

ಬೆಳಿಗ್ಗೆ ಎಂಟಕ್ಕೇ ನಂಜಪ್ಪ ತನ್ನ ಸೀಮೆಹಸುವನ್ನು ಎಳೆದುಕೊಂಡು ಬಂದು ಅನುಸೂಯಮ್ಮನ ಕೋಣೆಯೊಳಗೆ, ಕಿಟಕಿಯ ಸರಳಿಗೆ ಕಟ್ಟಿದ. ಅವಳ ಪಾತ್ರೆಪಡಗ, ಹಾಸಿಗೆ, ಟ್ರಂಕು ಎಲ್ಲವೂ ಆಗಲೇ ಹಿತ್ತಲಿನ ಹೊಂಗೆಮರದಡಿ ಗೋಣಿತಾಟು ಹೊದ್ದು ಕೂತಿದ್ದವು. ಆರಿದ ಒಲೆಯ ಮೇಲೆ ಒಂದು ಹೊರೆ ಹುಲ್ಲು ಬಿತ್ತು.

"ಪಂಚಾಯ್ತಿಯೋರು ಅಳತೆಗೆ ಬತ್ತಾವ್ರೆ ಕಣಮ್ಮ. ಮಧ್ಯಾಹ್ನದ ಗಂಟ ಇದು ಕೊಟ್ಟಿಗೆ, ಆಮೇಕೆ ನಿಮ್ಮನೆ. ನಡುವೆ ಬಾಯಿ ಬಿಟ್ಟೆ ಅಂದ್ರೆ ಗಂಟುಮೂಟೆ ಸಮೇತ ರೋಡಿಗೆ, ಅಷ್ಟೇಯ."

ಅನುಸೂಯಮ್ಮ ತಲೆಯಾಡಿಸಿದಳು. ಗಂಡ ಪೀಣ್ಯದಲ್ಲಿ ಲೇತು ತಿರುಗಿಸುವವನು. ಅತ್ತೆ, ಮಗಳನ್ನು ಕಟ್ಟಿಕೊಂಡು ಕುಣಿಗಲ್ ಕಡೆಯಿಂದ ನಾಗಸಂದ್ರಕ್ಕೆ ಬಂದು ಎರಡು ವರ್ಷವಾಗಿತ್ತು. ರಾಗಿಹೊಲ ಫ್ಯಾಕ್ಟರಿಗಳ ಪಾಲಾದ ಮೇಲೆ ನಂಜಪ್ಪ ಬಾಡಿಗೆ ಬೆಳೆಯುತ್ತಿದ್ದ. ಒಂದು ಕೋಣೆ ಖಾಲಿಯಾದರೆ ಹತ್ತು ಜನ ಬಾಗಿಲಲ್ಲಿ ನಿಲ್ಲುವ ಕಾಲ. ಅವನ ಮಾತು ಮೀರುವಂತಿರಲಿಲ್ಲ. ಆದರೆ ಅವಳ ತಲೆನೋವೇ ಬೇರೆ. ರೇಷನ್ ಕಾರ್ಡಿಗೆಂದು ಮೂರು ಸಲ ಅಲೆದಿದ್ದಳು. ಮೂರು ಸಲವೂ ಒಂದೇ ಪ್ರಶ್ನೆ: ಮನೆ ನಂಬರ್ ಎಲ್ಲಮ್ಮಾ? ಕಾರ್ಡಿಲ್ಲದೆ ಸೀಮೆಎಣ್ಣೆಯನ್ನು ಬ್ಲಾಕಿನಲ್ಲಿ ಕೊಂಡು ಕೊಂಡು ಸಾಕಾಗಿಹೋಗಿತ್ತು. ಆ ನಂಬರು ಕೊಡುವ ಪುಣ್ಯಾತ್ಮ ಯಾರು ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಹತ್ತೂವರೆಗೆ ಬಿಲ್ ಕಲೆಕ್ಟರ್ ಪಾಪಯ್ಯ ಸೈಕಲ್ಲಿಳಿದ. ಕಂಕುಳಲ್ಲಿ ರಿಜಿಸ್ಟರು, ಕೈಯಲ್ಲಿ ಟೇಪು. ಟೇಪಿನ ಇನ್ನೊಂದು ತುದಿ ಹಿಡಿಯಬೇಕಾದ ಜವಾನ ಅವತ್ತು ರಜ ಹಾಕಿದ್ದ.

"ಈಯಮ್ಮ ಹಿಡೀತಾಳೆ ಬಿಡಿ ಸಾ," ಎಂದ ನಂಜಪ್ಪ. "ಸಗಣಿ ಬಾಚೋಕೆ ಬರೋಳು."

ಬಾಗಿಲಿನ ತೊಲೆ ಬಲು ತಗ್ಗು. ಮೊದಲು ನುಗ್ಗಿದ ನಂಜಪ್ಪನ ಹಣೆಗೆ ಅದು ಠಪ್ಪೆಂದು ಬಡಿಯಿತು. ಹಿಂದೆಯೇ ಬಂದ ಪಾಪಯ್ಯನಿಗೂ ಅದೇ ಪ್ರಸಾದ. ಅನುಸೂಯಮ್ಮ ಮಾತ್ರ ಮೇಲೆ ನೋಡದೆಯೇ ತಲೆ ಬಗ್ಗಿಸಿ, ಆ ಕತ್ತಲಲ್ಲೂ ನೆಲದ ಗುಳಿ ದಾಟಿ, ನೇರ ಮೂಲೆಗೆ ಹೋಗಿ ಟೇಪು ಹಿಡಿದು ನಿಂತಳು. ನಿಂತ ಮೇಲೆ ನಾಲಿಗೆ ಕಚ್ಚಿಕೊಂಡಳು.

ಪಾಪಯ್ಯ ಹಣೆ ಉಜ್ಜಿಕೊಳ್ಳುತ್ತ ಅವಳನ್ನೊಮ್ಮೆ, ನಂಜಪ್ಪನ ಹಣೆಯನ್ನೊಮ್ಮೆ ನೋಡಿದ.

"ಕಟ್ಟಿಸಿದೋರಿಗೇ ಬಡೀತಲ್ಲ, ನಂಜಪ್ಪನೋರೇ?"

"ಏನೋ ಅವಸರ ಸಾ."

ಪಾಪಯ್ಯ ಹೆಚ್ಚು ಕೆದಕಲಿಲ್ಲ. ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಇಂಥ ಕೊಟ್ಟಿಗೆಗಳನ್ನು ಬೇಕಾದಷ್ಟು ಕಂಡಿದ್ದ. ಹತ್ತಡಿ, ಎಂಟಡಿ ಎಂದು ಗುರುತು ಹಾಕಿಕೊಂಡ. ಆಮೇಲೆ ಪಾಠ ಒಪ್ಪಿಸುವವನ ಹಾಗೆ ಹೇಳಿದ:

"ಕೊಟ್ಟಿಗೆ ಅಂತ ಬರೆದ್ರೆ ಕಂದಾಯ ಇಲ್ಲ, ನಂಬರೂ ಇಲ್ಲ. ಮನೆ ಅಂತ ಬರೆದ್ರೆ ಕಂದಾಯಾನೂ ಬೀಳುತ್ತೆ, ಬಾಗಿಲಿಗೆ ನಂಬರೂ ಬೀಳುತ್ತೆ. ಒಂದ್ಸಲ ರಿಜಿಸ್ಟರಿಗೆ ಹತ್ತಿತು ಅಂದ್ರೆ ಇನ್ನು ನಾಲ್ಕು ವರ್ಷ ಅಳೆಯೋಕೆ ಯಾರೂ ಬರಲ್ಲ. ಏನು ಬರೀಲಿ?"

ಕೇಳಿದ್ದು ನಂಜಪ್ಪನನ್ನು. ಕಣ್ಣಿದ್ದದ್ದು ಟೇಪಿನ ಆ ತುದಿಯಲ್ಲಿ.

"ಕೊಟ್ಟಿಗೆ ಸಾ. ಕಣ್ಣಿಗೆ ಕಾಣ್ತಾ ಇಲ್ವಾ?"

ಅನುಸೂಯಮ್ಮ ಪಾಪಯ್ಯನ ಕೈಯನ್ನೇ ನೋಡಿದಳು. ಮೂರು ಸಲ ಅಲೆದರೂ ಸಿಗದ ನಂಬರು ಈ ಮನುಷ್ಯನ ಪೆನ್ನಿನಲ್ಲಿತ್ತೇ! ಬಾಯಿ ಬಿಟ್ಟರೆ ಸಂಜೆಯೊಳಗೆ ರೋಡು. ಬಿಡದಿದ್ದರೆ ನಾಲ್ಕು ವರ್ಷ ಕೊಟ್ಟಿಗೆ. ಹಸು ಮಾತ್ರ ತನ್ನದೇ ಮನೆಯೆಂಬಂತೆ ಅವಳ ಒಲೆಯ ಮೇಲಿನ ಹುಲ್ಲನ್ನು ನಿಧಾನವಾಗಿ ಮೇಯುತ್ತಿತ್ತು.

ಪಾಪಯ್ಯ ರಿಜಿಸ್ಟರು ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದ.

"ಒಳಗೆ ಎಷ್ಟಿವೆ?"

"ಒಂದೇ ಸಾ," ಎನ್ನುತ್ತ ನಂಜಪ್ಪ ಹಸುವಿನ ಬೆನ್ನು ತಟ್ಟಿದ.

"ನಾಕು ಜನ ಸಾರ್," ಮೂಲೆಯಿಂದ ಅನುಸೂಯಮ್ಮ ಹೇಳಿದಳು. "ದನ ಬಿಟ್ಟು."