ಎರರ್ ಹಿಡಿಯುವವಳು

ಆರು ತಿಂಗಳ ಹಿಂದೆ ಸೇರಿದ ವಾರಿಜಳನ್ನು ಟೀಮ್ ಲೀಡರ್ ಮಾಡುತ್ತಾರೆಂದು ಕೇಳಿ ನನಗೆ ಹೊಟ್ಟೆ ಉರಿದುಹೋಯಿತು. ನಾನು ಇಲ್ಲಿ ಹನ್ನೆರಡು ವರ್ಷದಿಂದ ಕೋಡ್ ಬರೆಯುತ್ತಿದ್ದೇನೆ.

“ಅವಳು ಬಂದಮೇಲೆ ನಮ್ಮ ವೆಬ್‌ಸೈಟ್ ಒಂದು ಸಲವೂ ಬಿದ್ದಿಲ್ಲ ಕಣ್ರೀ,” ಅಂದರು ಮ್ಯಾನೇಜರ್.

“ಹೆಂಗೆ ಬೀಳುತ್ತೆ ಸಾರ್? ಎರರ್ ಬಂದ್ರೆ ಹಿಡಿದು ಮುಚ್ಚಿಡೋ ಕೋಡನ್ನ ಹದಿನಾಲ್ಕು ಕಡೆ ತುರುಕಿದಾಳೆ! ಕೆಲಸ ಬರದೋರು ಮಾಡೋದೇ ಅದು. ತೆಗೆಸಿ ನೋಡಿ, ಬಂಡವಾಳ ಬಯಲಾಗುತ್ತೆ.”

“ಸರಿ, ಟೆಸ್ಟ್ ಸರ್ವರ್‌ನಲ್ಲಿ ನೀವೇ ತೆಗೀರಿ.”

ಎಲ್ಲರೆದುರು ಹದಿನಾಲ್ಕನ್ನೂ ತೆಗೆದೆ. ಸೈಟ್ ದಢಾರನೆ ಬಿತ್ತು. ಪರದೆ ತುಂಬ ಎರರ್.

“ಈಗೇನಂತೀಯಮ್ಮಾ?” ಅಂತ ಗುಡುಗಿದೆ.

ವಾರಿಜ ಮೆಲ್ಲಗೆ ಅಂದಳು: “ಸಾರ್, ನಾನು ಬರೆದಿದ್ದಕ್ಕೆ ಒಂದೂ ಹಾಕಿರಲಿಲ್ಲ. ಹದಿನಾಲ್ಕೂ ನೀವು ಬರೆದ ಕೋಡಿಗೇ ಹಾಕಿದ್ದು.”